ಕಂಪ್ಯೂಟರ್ ಪದೇ ಪದೇ ಆಫ್ ಆಗ್ತಿದೆಯಾ? ಫಾರ್ಮ್ಯಾಟ್‌ಗೆ ದುಡ್ಡು ಕೊಡೋ ಮುಂಚೆ ಬಿಸಿ ನೋಡಿ

ಸಾಗರ: ಮದುವೆ ಸೀಸನ್ ಬಂತು ಅಂದ್ರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಸ್ಟುಡಿಯೋಗಳಲ್ಲಿ ಕಂಪ್ಯೂಟರ್ ರಾತ್ರಿಯೆಲ್ಲ ಓಡುತ್ತೆ. ವಿಡಿಯೋ ರೆಂಡರ್ ಅರ್ಧಕ್ಕೆ ಬಂದಾಗ ಟಪ್ ಅಂತ ಆಫ್. ವೈರಸ್ ಅಂತಾರೆ, ಫಾರ್ಮ್ಯಾಟ್ ಹೊಡೀತಾರೆ. ವಾರ ಬಿಟ್ಟು ಮತ್ತೆ ಅದೇ ಕಥೆ. ಅಸೆಂಬಲ್ ಮಾಡಿಸಿದ ಸಿಸ್ಟಮ್‌ಗಳಲ್ಲಿ ಎಷ್ಟೋ ಸಲ ಕಾರಣ ವೈರಸ್ ಅಲ್ಲ, ಪ್ರೊಸೆಸರ್ ಬಿಸಿ.

ಇಂಟೆಲ್‌ನ ಈಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ 100 ಡಿಗ್ರಿ ಮಿತಿ. ಎಎಂಡಿ ರೈಜನ್ 7000 ಸರಣಿಯ ಹೆಚ್ಚಿನವಕ್ಕೆ 95. ಅಲ್ಲಿಗೆ ಮುಟ್ಟಿದರೆ ಪ್ರೊಸೆಸರ್ ಮೊದಲು ತಾನೇ ವೇಗ ಇಳಿಸಿಕೊಳ್ಳುತ್ತೆ. ಆಮೇಲೂ ಬಿಸಿ ಏರಿದರೆ ಸುಟ್ಟುಹೋಗದಿರಲಿ ಅಂತ ಸಿಸ್ಟಮ್ಮೇ ಬಂದ್.

ನಮ್ಮ ಕಡೆ ಅಡಿಕೆ ಸುಲಿಯೋ ಮನೆಯ ಧೂಳು, ಅದರ ಮೇಲೆ ಮಳೆಗಾಲದ ಥಂಡಿ. ಎರಡೂ ಸೇರಿ ಹೀಟ್‌ಸಿಂಕ್ ಸಂದಿಯಲ್ಲಿ ಕಂಬಳಿ ಥರ ಕೂತಿರುತ್ತೆ. ಅಂಗಡಿಗಳಲ್ಲಿ ಕ್ಯಾಬಿನೆಟ್ಟನ್ನ ಟೇಬಲ್ ಕೆಳಗಿನ ಗೂಡಿಗೆ ತುರುಕಿರ್ತಾರೆ, ಬಿಸಿ ಗಾಳಿ ಹೊರಗೆ ಹೋಗೋಕೆ ದಾರೀನೇ ಇಲ್ಲ.

ಆನ್ ಮಾಡಿ ನೇರ ಬಯೋಸ್‌ಗೆ ಹೋಗಿ ಟೆಂಪರೇಚರ್ ನೋಡಿ. ಏನೂ ಕೆಲಸ ಇಲ್ಲದೆ ಅಲ್ಲೇ 80, 90 ತೋರಿಸಿದರೆ ಕೂಲರ್ ಸರಿಯಾಗಿ ಕೂತಿಲ್ಲ, ಫ್ಯಾನ್ ತಿರುಗ್ತಿಲ್ಲ ಅಥವಾ ಪೇಸ್ಟ್ ಒಣಗಿದೆ. ಇಂಟೆಲ್ ಬಾಕ್ಸ್ ಜೊತೆ ಬರೋ ಕೂಲರ್‌ಗೆ ನಾಲ್ಕು ಪಿನ್, ಒಂದು ಎದ್ದಿದ್ರೂ ಸಾಕು. ಹೊಸ ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕೀಳದೇ ಕೂರಿಸಿದ್ದನ್ನ ನಾನೇ ನೋಡಿದೀನಿ. ಯಾರ ಕೆಲಸ ಅಂತ ಬೇಡ ಬಿಡಿ. ಪ್ಲಗ್ ಕಿತ್ತು, ಫ್ಯಾನನ್ನ ಬೆರಳಲ್ಲಿ ಹಿಡಿದು ಧೂಳು ಊದಿ. ಹಳೇ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಬಿಸಿ ಇಲ್ಲದೆಯೂ ಟಪ್ ಅಂತ ಆಫ್ ಆದ್ರೆ ಎಸ್‌ಎಂಪಿಎಸ್, ಯುಪಿಎಸ್ ಪರೀಕ್ಷೆ ಮಾಡಿಸಿ.

ಇನ್ನೊಂದು ಕೇಸ್ ಇದೆ, ಇದರಲ್ಲಿ ಪೇಸ್ಟ್ ಬದಲಿಸಿ ಪ್ರಯೋಜನ ಇಲ್ಲ. ಇಂಟೆಲ್ 13 ಮತ್ತು 14ನೇ ಜನರೇಷನ್‌ನ ಐ7, ಐ9 ಹಾಗೂ ಹೆಸರಲ್ಲಿ 'ಕೆ' ಇರೋ ಐ5 ಪ್ರೊಸೆಸರ್‌ಗಳಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗಿ ಚಿಪ್ಪೇ ಹಾಳಾಗ್ತಿತ್ತು. 2024ರ ಜುಲೈನಲ್ಲಿ ಕಂಪನಿ ಇದನ್ನ ಒಪ್ಪಿಕೊಂಡಿತು. ಆಗಸ್ಟ್‌ನಿಂದ ಬಯೋಸ್ ಅಪ್‌ಡೇಟ್ ಮೂಲಕ ಪರಿಹಾರ ಬಂತು. ಆದ್ರೆ ಅಪ್‌ಡೇಟ್ ಮುಂದಿನ ಹಾನಿ ತಡೆಯುತ್ತೆ ಅಷ್ಟೆ, ಆಗಲೇ ಕೆಟ್ಟ ಚಿಪ್ ರಿಪೇರಿ ಆಗಲ್ಲ. ಗೇಮ್‌ನಲ್ಲಿ ವಿಡಿಯೋ ಮೆಮೊರಿ ಸಾಲದು ಅನ್ನೋ ಎರರ್, ಜಿಪ್ ಫೈಲ್ ಬಿಚ್ಚುವಾಗ ಎರರ್, ಸುಮ್ಮಸುಮ್ಮನೆ ನೀಲಿ ಸ್ಕ್ರೀನ್ ಬಂದ್ರೆ ಇದೇ ಇರಬಹುದು.

ಇವುಗಳ ಬಾಕ್ಸ್ ಪ್ರೊಸೆಸರ್‌ಗೆ ವಾರಂಟಿ 3 ವರ್ಷ ಇದ್ದದ್ದು 5 ವರ್ಷ ಆಗಿದೆ. ಬಾಕ್ಸ್ ಇಲ್ಲದೆ ಬಿಡಿಯಾಗಿ ಬಂದ ಚಿಪ್ ಆದ್ರೆ ಮಾರಿದ ಅಂಗಡಿಯವರನ್ನೇ ಕೇಳಬೇಕು. ಜಿಎಸ್‌ಟಿ ಉಳೀತು ಅಂತ ಬಿಲ್ ಬೇಡ ಅಂದವರಿಗೆ ಈಗ ಕಷ್ಟ. 13ನೇ ಜನರೇಷನ್ ಬಂದಿದ್ದೇ 2022ರ ಅಕ್ಟೋಬರ್‌ನಲ್ಲಿ, ಅಂದ್ರೆ ಮೊದಮೊದಲು ಕೊಂಡವರಿಗೂ 2027ರ ತನಕ ಟೈಮ್ ಇದೆ. ಬಿಲ್ಲು, ಬಾಕ್ಸ್ ಮೇಲಿನ ಸೀರಿಯಲ್ ನಂಬರ್ ಹುಡುಕಿಟ್ಕೊಳ್ಳಿ.