ಹಳೇ ಜೀಪಿಗೆ ಗುಜರಿ ಫ್ಯಾನು: ಯಾರಿಗೆ ಬೇಕು, ಯಾರಿಗೆ ಬೇಡ

ಹಳೇ ಜೀಪು ಇಟ್ಟುಕೊಂಡ ರೈತನಿಗೆ ಬುದ್ಧಿ ಹೇಳೋರು ಎರಡು ಥರ. ಒಬ್ಬರು ಹೇಳ್ತಾರೆ: "ಇಂಜಿನ್ ಬಿಸಿಯಾಗ್ತಿದೆಯಾ? ಮಾರಿಬಿಡಿ, ಹೊಸ ಗಾಡಿಗೆ ಸಾಲ ಮಾಡಿಸಿಕೊಡ್ತೀವಿ." ಇನ್ನೊಬ್ಬರು ಹೇಳ್ತಾರೆ: "ಆ ಬೆಲ್ಟಿನ ಫ್ಯಾನು ಕಿತ್ತೆಸೀರಿ, ಗುಜರಿಯಿಂದ ಕಾರಿನ ಕರೆಂಟ್ ಫ್ಯಾನು ತಂದು ಹಾಕಿ, ಬಿಸಿಯೂ ಹೋಗುತ್ತೆ, ಡೀಸೆಲ್ಲೂ ಉಳಿಯುತ್ತೆ." ಮೊದಲನೆಯವರ ಮಾತಿನಲ್ಲಿ ಕಮಿಷನ್ ಇದೆ. ಎರಡನೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಅರ್ಧ ಯಾವುದು ಅಂತ ತಿಳಿದುಕೊಳ್ಳದೆ ಗಾಡಿಗೆ ಕೈ ಹಾಕಬಾರದು.

ಯಾಕೆ ಇಷ್ಟು ಒತ್ತಿ ಹೇಳಬೇಕು? ಮೂಡಿಗೆರೆ, ಸಕಲೇಶಪುರ, ಕೊಪ್ಪ, ಹೊಸನಗರದ ಕಡೆ ಜೀಪು ಷೋಕಿಯ ಗಾಡಿಯಲ್ಲ. ಕಾಫಿ ಮೂಟೆ, ಗೊಬ್ಬರ, ಅಡಿಕೆ ಗೊನೆ, ಕೂಲಿಯವರು, ರಾತ್ರಿ ಹೊತ್ತು ಹೆರಿಗೆ ನೋವು ಬಂದ ಹೆಣ್ಣುಮಗಳು, ಎಲ್ಲಾ ಅದರಲ್ಲೇ ಹೋಗಬೇಕು. ಅದು ಕೈಕೊಡುವುದೂ ದುಡಿಮೆಯ ಕಾಲದಲ್ಲೇ. ರೋಬಸ್ಟಾ ಕೊಯ್ಲಿನ ಫೆಬ್ರವರಿ ಬಿಸಿಲಿನಲ್ಲಿ, ತುಂಬಿದ ಲೋಡಿನಲ್ಲಿ, ಏರಿನ ನಡುವೆ ನೀರು ಕುದಿಯುತ್ತದೆ. ಒಂದು ಸಲ ಚೆನ್ನಾಗಿ ಕುದಿಯಿತು ಅಂದರೆ ಹೆಡ್ ಗ್ಯಾಸ್ಕೆಟ್ ಹೋಯಿತು. ಅದನ್ನೂ ಲೆಕ್ಕಿಸದೆ ಓಡಿಸಿದರೆ ಹೆಡ್ ಬಾಗಿತು, ಪಿಸ್ಟನ್ ಹಿಡಿಯಿತು. ಆಗ ಗ್ಯಾರೇಜಿಗೆ ಕೊಡುವ ದುಡ್ಡು ಎಲ್ಲಿಂದ ಬರಬೇಕು? ಮಾಲು ಕೊಳ್ಳುವ ಮಂಡಿಯವನಿಂದ ಕೈಸಾಲ. ಮಂಡಿಯವನಲ್ಲಿ ಸಾಲ ಮಾಡಿದವನು ಬೆಲೆ ಏರುವ ತನಕ ಮಾಲು ಕಟ್ಟಿಡುವ ಹಾಗಿಲ್ಲ. ಅವನು ಹೇಳಿದ ದಿನ, ಅವನು ಹೇಳಿದ ರೇಟಿಗೆ ತೂಗಬೇಕು. ಕಾಫಿ, ಅಡಿಕೆ, ಮೆಣಸು ಮೂರಕ್ಕೂ ಬೆಂಬಲ ಬೆಲೆಯ ಪಟ್ಟಿಯಲ್ಲಿ ಜಾಗವೇ ಇಲ್ಲ ಅನ್ನೋದು ನೆನಪಿರಲಿ. ರೇಡಿಯೇಟರ್ ಕುದಿಯೋದಕ್ಕೂ ಕಾಫಿ ಅಗ್ಗವಾಗಿ ಹೋಗೋದಕ್ಕೂ ಸಂಬಂಧ ಇದೆ ಅಂತ ಪಟ್ಟಣದವರಿಗೆ ಹೇಳಿದರೆ ನಗುತ್ತಾರೆ.

ಈಗ ಫ್ಯಾನಿನ ವಿಚಾರ. ಹಳೇ ಜೀಪಿನಲ್ಲಿ ಫ್ಯಾನು ಕೂತಿರುವುದು ವಾಟರ್ ಪಂಪಿನ ಪುಲ್ಲಿಯ ಮೇಲೆ. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತೋ ಅದೂ ಅಷ್ಟೇ ಜೋರು, ಇಂಜಿನ್ ನಿಧಾನವಾದರೆ ಅದೂ ನಿಧಾನ. ಹೆದ್ದಾರಿಯಲ್ಲಿ 60ರ ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರಿಗೆ ಸಾಕು, ಅಲ್ಲಿ ಫ್ಯಾನು ಸುಮ್ಮನೆ ಇಂಜಿನಿನ ಶಕ್ತಿ ತಿನ್ನುತ್ತದೆ. ಕೊಡಚಾದ್ರಿ ಹತ್ತುವ ಜೀಪುಗಳನ್ನು ನೋಡಿದವರಿಗೆ ಇದರ ಉಲ್ಟಾ ಗೊತ್ತು. ಫೋರ್ ವೀಲ್ ಹಾಕಿ, ಲೋ ಗೇರಿನಲ್ಲಿ, ಆಳು ನಡೆಯುವಷ್ಟೇ ವೇಗದಲ್ಲಿ ಕಲ್ಲಿನ ಮೇಲೆ ಕಲ್ಲು ದಾಟಬೇಕು. ಎದುರುಗಾಳಿ ಇಲ್ಲ. ಇಂಜಿನಿಗೆ ಭಾರ ಪೂರ್ತಿ. ಚಾಲಕ ಎಕ್ಸೆಲರೇಟರ್ ಹದವಾಗಿ ಒತ್ತಿದರೆ ಫ್ಯಾನೂ ಹದವಾಗಿಯೇ ತಿರುಗುತ್ತದೆ. ಗಾಳಿ ಎಲ್ಲಕ್ಕಿಂತ ಹೆಚ್ಚು ಬೇಕಾದ ಜಾಗದಲ್ಲೇ ಗಾಳಿ ಕಡಿಮೆ. ಕರೆಂಟ್ ಫ್ಯಾನಿನ ಗುಣ ಇಲ್ಲಿದೆ: ಅದಕ್ಕೆ ಇಂಜಿನಿನ ವೇಗದ ಹಂಗಿಲ್ಲ. ಬ್ಯಾಟರಿ ಸರಿಯಾಗಿದ್ದರೆ ಏರಿನಲ್ಲೂ ಅಷ್ಟೇ, ನಿಂತಲ್ಲೂ ಅಷ್ಟೇ. ಗಾಡಿ ನಿಲ್ಲಿಸಿದ ಮೇಲೂ ಎರಡು ನಿಮಿಷ ಓಡಿಸಬಹುದು.

ಡೀಸೆಲ್ ಉಳಿತಾಯದ ಮಾತು ಮಾತ್ರ ಲೆಕ್ಕ ಹಾಕಿ ನಂಬಿ. 12 ವೋಲ್ಟಿನಲ್ಲಿ 10 ಆಂಪ್ ಎಳೆಯುವ ಫ್ಯಾನು 120 ವ್ಯಾಟ್ ತಿನ್ನುತ್ತದೆ. ಆಲ್ಟರ್ನೇಟರ್ ಅಷ್ಟು ಕರೆಂಟ್ ಕೊಡಬೇಕಾದರೆ ನಡುವೆ ಹೆಚ್ಚುಕಮ್ಮಿ ಅರ್ಧ ಸೋರಿಹೋಗುತ್ತದೆ, ಅಂದರೆ ಇಂಜಿನಿನ ಮೇಲೆ ಬೀಳೋದು ಸುಮಾರು ಮೂರನೇ ಒಂದು ಹೆಚ್‌ಪಿ. ಬೆಲ್ಟಿನ ಫ್ಯಾನು ಇಂಜಿನ್ ಜೋರಾಗಿ ತಿರುಗುವಾಗ ಇದಕ್ಕಿಂತ ಎಷ್ಟೋ ಹೆಚ್ಚು ತಿನ್ನುತ್ತದೆ, ಯಾಕಂದ್ರೆ ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ಬೇಡುವ ಶಕ್ತಿ ಎಂಟು ಪಟ್ಟು. ಆದ್ದರಿಂದ ಟಾರು ರಸ್ತೆಯಲ್ಲಿ ದೂರ ಓಡಿಸೋರಿಗೆ ಏನೋ ಸ್ವಲ್ಪ ಉಳಿದೀತು. ಗಂಟೆಗೆ ಒಂದು ಹೆಚ್‌ಪಿ ಉಳಿದರೂ ಅದು ಡೀಸೆಲ್ಲಿನ ಲೆಕ್ಕದಲ್ಲಿ ಕಾಲು ಲೀಟರಿನ ಆಸುಪಾಸು. ತೋಟದ ದಾರಿಯಲ್ಲಿ, ನಿಧಾನದ ಏರಿನಲ್ಲಿ ಇಂಜಿನ್ ಜೋರಾಗಿ ತಿರುಗೋದೇ ಇಲ್ಲವಲ್ಲ, ಅಲ್ಲಿ ಉಳಿತಾಯ ಎಲ್ಲಿಂದ ಬರಬೇಕು? ಕರೆಂಟ್ ಫ್ಯಾನು ಹಾಕಬೇಕಾದ್ದು ಇಂಜಿನ್ ಉಳಿಸೋಕೆ. ಡೀಸೆಲ್ ಉಳಿಸೋಕೆ ಅಂತ ಯಾರಾದರೂ ಮಾರಲು ಬಂದರೆ ಅವರಿಗೆ ಕಾಫಿ ಕೊಟ್ಟು ಕಳಿಸಿ.

ಇನ್ನೊಂದು ಮಾತು, ಇದೇ ಮೊದಲನೆಯದಾಗಬೇಕಿತ್ತು. ನಿಮ್ಮ ಇಂಜಿನ್ ಬಿಸಿಯಾಗೋದಕ್ಕೆ ಫ್ಯಾನೇ ಕಾರಣ ಅಂತ ಹೇಳಿದವರು ಯಾರು? ಹತ್ತಾರು ವರ್ಷ ಕೊಳವೆಬಾವಿಯ ಗಡಸು ನೀರು ಕುಡಿದ ರೇಡಿಯೇಟರಿನ ಒಳಗೆ ಸುಣ್ಣ ಕಟ್ಟಿರುತ್ತದೆ. ನೀರು ಕಾಯಿಸುವ ಹಂಡೆಯ ತಳ ನೋಡಿ, ಗೊತ್ತಾಗುತ್ತೆ. ಹೊರಗಿನ ಎಲೆಸಾಲಿನಲ್ಲಿ ಹುಳ, ಕಾಫಿ ಸಿಪ್ಪೆ, ಕೆಸರು. ಬೆಲ್ಟು ಸಡಿಲ. ಮುಚ್ಚಳದ ರಬ್ಬರು ಸತ್ತು ಒತ್ತಡವೇ ನಿಲ್ಲುತ್ತಿಲ್ಲ. ಒತ್ತಡ ನಿಲ್ಲದಿದ್ದರೆ ನೀರು ಬೇಗ ಕುದಿಯುತ್ತದೆ. ಇದ್ಯಾವುದನ್ನೂ ನೋಡದೆ ಫ್ಯಾನು ಹಾಕಿದರೆ ಕಟ್ಟಿಹೋದ ಕಾಲುವೆಗೆ ದೊಡ್ಡ ಮೋಟಾರು ಇಟ್ಟ ಹಾಗೆ. ರೇಡಿಯೇಟರ್ ಬಿಚ್ಚಿ, ಟ್ಯಾಂಕು ತೆಗೆಸಿ, ಸಲಾಕೆ ಹೊಡೆಸಿ. ಆಮೇಲೆ ಕೂಲೆಂಟ್ ಬೆರೆಸಿದ ಶುದ್ಧ ನೀರು ಹಾಕಿ, ಬೋರಿನ ನೀರು ಬೇಡ. ನಮ್ಮ ಅನೇಕ ಮೆಕ್ಯಾನಿಕ್ಕುಗಳಿಗೆ ಥರ್ಮೋಸ್ಟಾಟ್ ಕಿತ್ತೆಸೆಯುವ ಚಾಳಿ ಇದೆ. ಅದನ್ನು ವಾಪಸ್ ಹಾಕಿಸಿ. ಇಷ್ಟರಲ್ಲೇ ಅರ್ಧ ಜನರ ಜೀಪು ತಣ್ಣಗಾದೀತು, ಅವರು ಈ ಲೇಖನ ಇಲ್ಲಿಗೇ ಮಡಿಚಿಡಬಹುದು.

ಉಳಿದವರು ಬಾನೆಟ್ ಎತ್ತಿ ನೋಡಬೇಕಾದ್ದು ಚಾರ್ಜಿಂಗು. ತೀರಾ ಹಳೇ ಜೀಪುಗಳಲ್ಲಿ ಡೈನಮೊ ಇರುತ್ತದೆ. ಇಂಜಿನ್ ನಿಧಾನವಾಗಿ ತಿರುಗುವಾಗ ಡೈನಮೊ ಚಾರ್ಜ್ ಕೊಡೋದೇ ಇಲ್ಲ ಅನ್ನಬಹುದು. ಏರಿನಲ್ಲಿ ಫ್ಯಾನು ಪೂರ್ತಿ ಕರೆಂಟು ಬ್ಯಾಟರಿಯಿಂದಲೇ ಹೀರುತ್ತದೆ. ಮೇಲೆ ಹೋಗಿ ಗಾಡಿ ನಿಲ್ಲಿಸಿದಿರಿ, ಮತ್ತೆ ಸ್ಟಾರ್ಟ್ ಆಗೋಲ್ಲ. ಮೊದಲು ಆಲ್ಟರ್ನೇಟರ್, ಆಮೇಲೆ ಫ್ಯಾನು. ಆಲ್ಟರ್ನೇಟರಿಗೆ ದುಡ್ಡಿಲ್ಲವಾ, ಫ್ಯಾನೂ ಬೇಡ. ವೋಲ್ಟೂ ನೋಡಿ. ಮೊದಮೊದಲಿನ ವಿಲ್ಲಿಸ್ ಜೀಪುಗಳು 6 ವೋಲ್ಟಿನವು, ಮಿಲಿಟರಿ ಹರಾಜಿನ ಗಾಡಿಗಳಲ್ಲಿ 24 ವೋಲ್ಟ್ ಇರುವುದುಂಟು. ಕಾರಿನ ಫ್ಯಾನು 12 ವೋಲ್ಟಿನದು. ಒಂದರಲ್ಲಿ ತೆವಳುತ್ತದೆ, ಇನ್ನೊಂದರಲ್ಲಿ ಸುಟ್ಟುಹೋಗುತ್ತದೆ.

ಫ್ಯಾನು ಎಲ್ಲಿ ಸಿಗುತ್ತೆ ಅಂತ ಹೇಳಿಕೊಡಬೇಕಿಲ್ಲ. ಮಾರುತಿ 800, ಓಮ್ನಿ ಬಂದ ಮೇಲೆ ಕರೆಂಟ್ ಫ್ಯಾನು ಊರೂರಿನ ಗುಜರಿಗೂ ಬಂತು. ಬೆಂಗಳೂರಿನ ಶಿವಾಜಿನಗರದಲ್ಲಂತೂ ಗುಡ್ಡೆ ಹಾಕಿರುತ್ತಾರೆ. ಅಲ್ಲಿ ರೇಟು ಹೇಳೋದು ಮಾಲಿನ ಮುಖ ನೋಡಿ ಅಲ್ಲ, ನಿಮ್ಮ ಮುಖ ನೋಡಿ. ಬ್ಯಾಟರಿಗೆ ಕೊಟ್ಟು ಹತ್ತು ನಿಮಿಷ ಓಡಿಸಿ ತೋರಿಸದೆ ದುಡ್ಡು ತೆಗೆಯಬೇಡಿ. ರೆಕ್ಕೆ ಹಿಡಿದು ಅಲ್ಲಾಡಿಸಿ, ಶಾಫ್ಟು ಆಡಿದರೆ ಬುಷ್ ಸವೆದಿದೆ. ಓಡುವಾಗ ಕೀರಲು ಸದ್ದು ಬಂದರೂ ಬಿಡಿ. ಸುತ್ತಲಿನ ತಗಡು ಅಥವಾ ಪ್ಲಾಸ್ಟಿಕ್ ಕವಚವನ್ನೂ, ಒಂದು ಮೊಳ ವೈರು ಸಮೇತ ಕನೆಕ್ಟರನ್ನೂ ಕೇಳಿ ತನ್ನಿ, ಬಿಡಿಯಾಗಿ ಆಮೇಲೆ ಹುಡುಕಿದರೆ ಸಿಗೋಲ್ಲ. ಸಣ್ಣ ಕಾರಿನ ಫ್ಯಾನು ಸಣ್ಣ ಇಂಜಿನಿಗೆ ಮಾಡಿದ್ದು ಅನ್ನೋದನ್ನು ಮರೆಯಬೇಡಿ. ಎರಡು ಲೀಟರು ದಾಟಿದ ಜೀಪಿನ ಡೀಸೆಲ್ ಇಂಜಿನಿಗೆ ಅಂಥದ್ದೊಂದೇ ಸಾಕು ಅಂತ ನಂಬುವುದು ಗಂಡಾಂತರ. ದೊಡ್ಡ ಕಾರಿನದು ಹುಡುಕಿ, ಇಲ್ಲವೇ ಎರಡು ಹಾಕಿ.

ಕೂರಿಸುವಾಗ ಎರಡು ಕಡೆ ಕೆಡುತ್ತದೆ. ಒಂದು, ರೇಡಿಯೇಟರಿನ ಎಲೆಸಾಲಿನ ನಡುವೆ ಕಡ್ಡಿ ತೂರಿಸಿ ಫ್ಯಾನು ಬಿಗಿಯುವುದು. ಜೀಪು ಕುಲುಕಿ ಕುಲುಕಿ ಆ ಕಡ್ಡಿ ಕೊಳವೆಯನ್ನೇ ಕೊರೆಯುತ್ತದೆ. ಪಟ್ಟಿ ಕಬ್ಬಿಣದಲ್ಲಿ ಚೌಕಟ್ಟು ಮಾಡಿಸಿ ರೇಡಿಯೇಟರಿನ ಫ್ರೇಮಿಗೆ ಬೋಲ್ಟ್ ಹಾಕಿಸಿ, ಸುತ್ತ ತಗಡಿನ ಕವಚ ಕೊಡಿ. ಕವಚ ಇಲ್ಲದ ಫ್ಯಾನು ತನ್ನ ಎದುರಿನ ಬಟ್ಟಲಿನಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ. ಎರಡು, ಗಾಳಿಯ ದಿಕ್ಕು. ರೇಡಿಯೇಟರಿನ ಹಿಂದೆ ಕೂತ ಫ್ಯಾನು ಎಳೆಯಬೇಕು, ಮುಂದೆ ಕೂತದ್ದು ತಳ್ಳಬೇಕು. ವೈರು ಅದಲುಬದಲು ಮಾಡಿದರೆ ಫ್ಯಾನು ಉಲ್ಟಾ ತಿರುಗೀತು, ಆದರೆ ರೆಕ್ಕೆಯ ಬಾಗು ಒಂದು ದಿಕ್ಕಿಗೇ ಇರೋದರಿಂದ ಗಾಳಿ ಕಡಿಮೆ. ಗಾಡಿಯ ಮುಂದೆ ನಿಂತು ರೇಡಿಯೇಟರಿನ ಮುಖಕ್ಕೆ ಒಂದು ಕಾಗದ ಹಿಡಿಯಿರಿ. ಅದು ಅಂಟಿಕೊಂಡರೆ ಸರಿ.

ವೈರಿಂಗಿನಲ್ಲಿ ಜಿಪುಣತನ ಮಾಡಿದವರ ಜೀಪು ಬೆಂಕಿಗೆ ಹೋಗುತ್ತದೆ. ಡ್ಯಾಷ್‌ಬೋರ್ಡಿನ ಸ್ವಿಚ್ಚಿಗೆ ಫ್ಯಾನಿನ ಪೂರ್ತಿ ಕರೆಂಟು ತರಬೇಡಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಅಲ್ಲಿಂದ ದಪ್ಪ ವೈರು ರಿಲೇಗೆ, ರಿಲೇಯಿಂದ ಫ್ಯಾನಿಗೆ. ಸ್ವಿಚ್ಚು ರಿಲೇಯನ್ನು ಮಾತ್ರ ಎತ್ತಬೇಕು. ಅರ್ತು ತುಕ್ಕು ಹಿಡಿದ ಬಾಡಿಗೆ ಬೇಡ, ನೇರ ಬ್ಯಾಟರಿಗೆ. ತಾನಾಗಿ ಹೊತ್ತಿಕೊಳ್ಳುವ ಥರ್ಮೋ ಸ್ವಿಚ್ಚು ಹಾಕಿಸಿದರೆ ಒಳ್ಳೇದು: ಥರ್ಮೋಸ್ಟಾಟ್ 80 ಡಿಗ್ರಿಯ ಆಸುಪಾಸಿಗೆ ತೆರೆದರೆ, ಫ್ಯಾನು 90 ದಾಟಿದ ಮೇಲೆ ಹೊತ್ತಲಿ. ಜೊತೆಗೆ ಕೈಸ್ವಿಚ್ಚೂ ಇರಲಿ.

ಇಷ್ಟೆಲ್ಲಾ ಹೇಳಿಯೂ ನನ್ನ ಅಭಿಪ್ರಾಯ ಒಂದೇ: ಲೋಡು ಹೊರುವ ಜೀಪಿನಿಂದ ಬೆಲ್ಟಿನ ಫ್ಯಾನು ತೆಗೆಯಬೇಡಿ. ಅದು ಮೊದ್ದು ನಿಜ, ಆದರೆ ನಿಯತ್ತಿನದು. ಅದಕ್ಕೆ ಫ್ಯೂಸಿಲ್ಲ, ರಿಲೇ ಇಲ್ಲ. ಬೆಲ್ಟು ಕಡಿದರೆ ನಿಮಗೆ ಗೊತ್ತಾಗುತ್ತೆ. ಕರೆಂಟ್ ಫ್ಯಾನು ಸದ್ದಿಲ್ಲದೆ ಸಾಯುತ್ತದೆ, ಗೊತ್ತಾಗೋದು ಹೊಗೆ ಬಂದಾಗ. ಅದನ್ನು ರೇಡಿಯೇಟರಿನ ಮುಂದೆ, ತಳ್ಳುವ ಹಾಗೆ, ಏರಿಗೆ ಮಾತ್ರ ಸಹಾಯದ ಆಳಾಗಿ ಇಟ್ಟುಕೊಳ್ಳಿ. ಮುಂದೆ ಕೂತ ಫ್ಯಾನು ಸ್ವಲ್ಪ ಎದುರುಗಾಳಿ ತಡೆಯುತ್ತದೆ, ತೋಟದ ವೇಗಕ್ಕೆ ಅದು ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ದಿನಾ ಹಳ್ಳ ದಾಟೋರದ್ದು ಬೇರೆ ಮಾತು. ಬೆಲ್ಟಿನ ಫ್ಯಾನು ನೀರಿನಲ್ಲಿ ಮುಳುಗಿದರೆ ಇಂಜಿನ್ ಮೇಲೆಲ್ಲಾ ನೀರು ಚಿಮ್ಮುತ್ತದೆ, ಒಮ್ಮೊಮ್ಮೆ ರೆಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಸೀಳುತ್ತದೆ. ಅಂಥವರು ಅದನ್ನು ತೆಗೆದು, ಹಳ್ಳಕ್ಕೆ ಇಳಿಯುವ ಮುಂಚೆ ಆರಿಸಬಹುದಾದ ಕರೆಂಟ್ ಫ್ಯಾನು ಹಾಕಿಕೊಳ್ಳಲಿ. ಆದರೆ ವಾಟರ್ ಪಂಪಿನ ಬೆಲ್ಟು ಮುಟ್ಟಬಾರದು, ಪುಲ್ಲಿಗೆ ಗಿಡ್ಡ ಬೋಲ್ಟು ಹಾಕಬೇಕು, ಟೆಂಪರೇಚರ್ ಮುಳ್ಳು ಕೆಲಸ ಮಾಡುತ್ತಿರಬೇಕು. ಕಿತ್ತ ಫ್ಯಾನನ್ನು ಅದರ ಬೋಲ್ಟು ಸಮೇತ ಸೀಟಿನ ಕೆಳಗೆ ಗೋಣಿಯಲ್ಲಿ ಸುತ್ತಿಡಿ. ದಾರಿಯಲ್ಲಿ ಮೋಟಾರು ಸತ್ತರೆ ಎರಡು ಸ್ಪ್ಯಾನರಿನಲ್ಲಿ ಮತ್ತೆ ಹಾಕಿಕೊಂಡು ಮನೆ ಸೇರಬಹುದು.

ಕಾನೂನಿನ ಭಯ ಹುಟ್ಟಿಸೋರೂ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಆರ್‌ಸಿ ಪುಸ್ತಕದಲ್ಲಿ ಬರೆದ ವಿವರಕ್ಕೆ ವಿರುದ್ಧವಾಗುವಂಥ ಬದಲಾವಣೆಯನ್ನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಬಿಗಿಯಾಗಿ ಹೇಳಿತು. ರೇಡಿಯೇಟರ್ ಫ್ಯಾನು ಆರ್‌ಸಿಯಲ್ಲಿ ಇರುವ ವಿವರವಲ್ಲ. ಆದರೆ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿ, ಪುಸ್ತಕದಲ್ಲಿ ಇನ್ನೂ ಪೆಟ್ರೋಲ್ ಅಂತಲೇ ಬಿಟ್ಟಿರುವವರು ನಮ್ಮಲ್ಲಿ ಇದ್ದಾರೆ. 15 ವರ್ಷ ತುಂಬಿದ ಸ್ವಂತ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋಗಲೇಬೇಕಲ್ಲ, ಅಲ್ಲಿ ಬಾನೆಟ್ ಎತ್ತಿದಾಗ ತಗಾದೆ ಬರುವುದು ಆ ಇಂಜಿನ್ ನಂಬರಿಗೇ ಹೊರತು ಗುಜರಿ ಫ್ಯಾನಿಗಲ್ಲ. ಅಂಥವರು ಗುಜರಿಗೆ ಹೋಗುವ ಮುಂಚೆ ಆ ಪುಸ್ತಕ ಸರಿಮಾಡಿಸಿಕೊಳ್ಳಲಿ.