ನಕಾಶೆಯ ಬಣ್ಣ, ನೆಲದ ಒಡೆತನ

ಹಳೆಯ ನಕಾಶೆಗಳನ್ನು ಸಂಗ್ರಾಹಕರು ಅಪೂರ್ವ ವಸ್ತುಗಳೆಂದು ಕಾಪಾಡುತ್ತಾರೆ. ಸರ್ಕಾರಗಳು ಅವನ್ನು ಹಕ್ಕುಪತ್ರಗಳೆಂದು ಹುಡುಕುತ್ತವೆ. ಈ ಎರಡೂ ಬಗೆಯ ಆಸಕ್ತಿಗೆ ಒಮ್ಮೆಗೇ ಗುರಿಯಾದ ನಕಾಶೆಯೊಂದು ಜಪಾನಿನಲ್ಲಿದೆ. ಸೆಂದಾಯ್ ಸಂಸ್ಥಾನದ ವಿದ್ವಾಂಸ ಹಯಾಶಿ ಶಿಹೆಯ್ (1738-1793) ತನ್ನ 'ಸಾಂಗೊಕು ತ್ಸೂರಾನ್ ಜುಸೆತ್ಸು' ಎಂಬ ಗ್ರಂಥಕ್ಕಾಗಿ 1785ರಲ್ಲಿ ಅದನ್ನು ರಚಿಸಿದನು. ಹೆಸರಿನ ಅರ್ಥ 'ಮೂರು ನಾಡುಗಳ ಸಚಿತ್ರ ಸಮೀಕ್ಷೆ' ಎಂದಾಗುತ್ತದೆ. ಆ ಮೂರು ನಾಡುಗಳು ಕೊರಿಯಾ, ರ್ಯೂಕ್ಯೂ ದ್ವೀಪಗಳು, ಮತ್ತು ಐನು ಜನರ ನೆಲೆಯಾದ ಎಜೊ, ಎಂದರೆ ಇಂದಿನ ಹೊಕ್ಕೈಡೊ. ಇವುಗಳ ಜೊತೆಗೆ, ಆಗ ಜನವಸತಿಯೇ ಇಲ್ಲದಿದ್ದ ಒಗಸವಾರಾ ದ್ವೀಪಗಳ ಪಟವೂ ಒಂದಿದೆ.

ಹಯಾಶಿಯನ್ನು ಕಾಡಿದ್ದು ರಷ್ಯಾದ ಭಯ. ಎಜೊವನ್ನು ಜಪಾನು ತನ್ನದಾಗಿಸಿಕೊಳ್ಳದಿದ್ದರೆ ಉತ್ತರದಿಂದ ರಷ್ಯನ್ನರು ಕೈಚಾಚುವರೆಂದು ಅವನು ವಾದಿಸಿದನು. ರಕ್ಷಣೆಯ ಹೆಸರಿನಲ್ಲಿ ಹುಟ್ಟುವ ಈ ತರ್ಕದೊಳಗೆ ವಿಸ್ತರಣೆಯ ಬೀಜವೂ ಅಡಗಿರುವುದನ್ನು ಕಾಣದಿರುವುದು ಅಸಾಧ್ಯ. ಆದರೆ ಅಂದಿನ ಪ್ರಭುತ್ವಕ್ಕೆ ಅವನ ದೇಶಭಕ್ತಿಯೂ ಬೇಕಿರಲಿಲ್ಲ. ಕರಾವಳಿ ರಕ್ಷಣೆಯನ್ನು ಕುರಿತ ಅವನ ಇನ್ನೊಂದು ಗ್ರಂಥ ಹೊರಬಂದ ಮೇಲೆ, 1792ರಲ್ಲಿ ಅವನನ್ನು ಗೃಹಬಂಧನದಲ್ಲಿರಿಸಿ ಅಚ್ಚಿನ ಹಲಗೆಗಳನ್ನು ವಶಪಡಿಸಿಕೊಳ್ಳಲಾಯಿತು. ಅದೇ ವರ್ಷ ರಷ್ಯಾದ ದೂತ ಆಡಂ ಲಕ್ಸ್‌ಮನ್ ಎಜೊದ ನೆಮುರೊಗೆ ಬಂದಿಳಿದನು! ಮರುವರ್ಷ ಹಯಾಶಿ ತೀರಿಕೊಂಡನು.

ಹಲಗೆ ಹೋದರೂ ಗ್ರಂಥ ಅಳಿಯಲಿಲ್ಲ. ಕೈಬರಹದ ಪ್ರತಿಗಳಲ್ಲಿ ಹರಡಿತು. ನಾಗಸಾಕಿಯಲ್ಲಿ ಡಚ್ಚರ ವ್ಯಾಪಾರಕೋಠಿಯ ಮುಖ್ಯಸ್ಥನಾಗಿದ್ದು, ಬಳಿಕ ನಮ್ಮ ಬಂಗಾಳದ ಚಿನ್ಸುರಾದಲ್ಲಿ ಅಧಿಕಾರ ನಡೆಸಿದ ಐಸಾಕ್ ಟಿಟ್ಸಿಂಗ್ ಅದರ ಪ್ರತಿಯೊಂದನ್ನು ಯುರೋಪಿಗೆ ಒಯ್ದನು. 1832ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲಾಪ್ರೋತ್ ಎಂಬ ವಿದ್ವಾಂಸ ಅದರ ಫ್ರೆಂಚ್ ಅನುವಾದ ಪ್ರಕಟಿಸಿದನು. ಒಗಸವಾರಾ ದ್ವೀಪಗಳ ಮೇಲೆ ಬ್ರಿಟಿಷರು 1827ರಲ್ಲೇ ಹಕ್ಕು ಸಾರಿದ್ದರು. 1853ರಲ್ಲಿ ಅಲ್ಲಿಗೆ ಹೋದ ಅಮೆರಿಕದ ನೌಕಾಧಿಪತಿ ಪೆರಿಯ ಅಧಿಕೃತ ಯಾನವೃತ್ತಾಂತವು ಆ ಹಕ್ಕನ್ನು ಅಲ್ಲಗಳೆಯಲು ಇದೇ ಅನುವಾದವನ್ನು ಮುಂದೊಡ್ಡಿತು. ಜಪಾನಿನಲ್ಲಿ ಶಿಕ್ಷೆಗೊಳಗಾದ ಗ್ರಂಥವು ಪರದೇಶದವರ ಬಾಯಲ್ಲಿ ಜಪಾನಿನ ಪರ ಸಾಕ್ಷಿ ನುಡಿಯಿತು.

ಇಂದು ಅದೇ ಸಾಕ್ಷಿ ಜಪಾನಿಗೆ ಎದುರಾಗಿ ನಿಂತಿದೆ. ಹಯಾಶಿಯ ನಕಾಶೆಯಲ್ಲಿ ಪ್ರತಿ ನಾಡಿಗೂ ಒಂದು ಬಣ್ಣ. ಕೊರಿಯಾ ಹಳದಿ, ನಡುಗಡಲಿನ ಒಂದು ದ್ವೀಪಕ್ಕೂ ಅದೇ ಹಳದಿ ಬಳಿದು, ಇದು ಕೊರಿಯಾದ್ದೆಂಬ ಟಿಪ್ಪಣಿಯನ್ನೂ ಬರೆಯಲಾಗಿದೆ. ದೊಕ್ದೊ ತನ್ನದೆನ್ನುವ ದಕ್ಷಿಣ ಕೊರಿಯಾ ಇದನ್ನು ಎತ್ತಿ ತೋರಿಸುತ್ತದೆ. ಸೆಂಕಾಕು ದ್ವೀಪಗಳಿಗೆ ಚೀನಾದ ಬಣ್ಣವೇ ಇದೆಯೆಂದು ಜಪಾನಿನವನೇ ಆದ ಇತಿಹಾಸಕಾರ ಇನೊವೆ ಕಿಯೊಶಿ 1972ರಲ್ಲಿ ವಾದಿಸಿದರು. ಸ್ವಂತ ಸರ್ಕಾರದ ನಿಲುವಿಗೆ ವಿರುದ್ಧವಾಗಿ ಹೀಗೆ ಬರೆಯಲು ಬೇಕಾದ ನೈತಿಕ ಧೈರ್ಯವನ್ನು ನಾವು ಗೌರವಿಸುತ್ತೇವೆ. ಆದರೂ ಎದುರುವಾದಿಗಳ ಪ್ರಶ್ನೆಯೊಂದು ಉಳಿಯುತ್ತದೆ: ಆಗ ಚೀನಾದ ಆಳ್ವಿಕೆಯಲ್ಲಿದ್ದ ತೈವಾನಿಗೆ ಇದೇ ನಕಾಶೆ ಬೇರೆ ಬಣ್ಣ ಕೊಟ್ಟಿದೆಯಲ್ಲ? ಬಣ್ಣವನ್ನು ಕೈಯಿಂದ ಹಚ್ಚುತ್ತಿದ್ದರು; ಪ್ರತಿಯಿಂದ ಪ್ರತಿಗೆ ಅದು ಬದಲಾಗುತ್ತಿತ್ತು. ಆಕಾರ, ದೂರಗಳಲ್ಲೂ ಹಯಾಶಿ ಹಲವೆಡೆ ಎಡವಿದ್ದಾನೆ. ಸಖಾಲಿನ್ ಒಂದು ದ್ವೀಪವೆಂಬುದು ಮಾಮಿಯಾ ರಿಂಜೊನ 1808-09ರ ಪ್ರಯಾಣದ ತನಕ ಜಪಾನಿಗೆ ಖಚಿತವಾಗಿರಲಿಲ್ಲ. ಒಬ್ಬ ಖಾಸಗಿ ವಿದ್ವಾಂಸನ ತಿಳಿವಳಿಕೆಯ ದಾಖಲೆಯಾಗಿ ಇದು ಅಮೂಲ್ಯ. ಎರಡು ಪ್ರಭುತ್ವಗಳ ನಡುವಣ ಕರಾರೆಂದು ಇದನ್ನು ಓದುವುದು ಮಾತ್ರ ಅವನಿಗೂ ಇತಿಹಾಸಕ್ಕೂ ಬಗೆದ ಅನ್ಯಾಯ.

ನಮ್ಮನ್ನು ಕಾಡುವ ಸಂಗತಿ ಬೇರೆಯದು. ಒಟ್ಟಾರೆ 0.19 ಚದರ ಕಿಲೋಮೀಟರೂ ತುಂಬದ ದೊಕ್ದೊ ಬಂಡೆಗಳಿಗಾಗಿ, ಜನರಿಲ್ಲದ ಸೆಂಕಾಕು ದ್ವೀಪಗಳಿಗಾಗಿ ಈ ನಕಾಶೆಯನ್ನು ಭೂತಗನ್ನಡಿಯಿಟ್ಟು ನೋಡುವವರು, ಅದೇ ಹಾಳೆಯಲ್ಲಿರುವ ಮನುಷ್ಯವಸತಿಯ ನೆಲಗಳನ್ನು ಎಷ್ಟು ಸಲೀಸಾಗಿ ದಾಟಿಹೋಗುತ್ತಾರೆ! ಬೇರೊಂದು ನಾಡೆಂದು ಹಯಾಶಿ ಬರೆದ ರ್ಯೂಕ್ಯೂ ರಾಜ್ಯವನ್ನು 1879ರಲ್ಲಿ ಅಳಿಸಿ ಒಕಿನಾವಾ ಎಂಬ ಆಡಳಿತ ಪ್ರಾಂತವನ್ನಾಗಿ ಮಾಡಲಾಯಿತು. ಕೊರಿಯಾ 1910ರಿಂದ 1945ರವರೆಗೆ ವಸಾಹತಾಯಿತು. ಅದಕ್ಕೆ ಇಂದು ತನ್ನ ಪರವಾಗಿ ಮಾತನಾಡಬಲ್ಲ ಸರ್ಕಾರಗಳಿವೆ. ಐನು ಜನರಿಗೆ ಅದೂ ಇಲ್ಲ. 1869ರಲ್ಲಿ ಎಜೊಗೆ ಹೊಕ್ಕೈಡೊ ಎಂಬ ಹೊಸ ಹೆಸರಿಟ್ಟು ವಲಸಿಗರನ್ನು ತುಂಬಿದರು. ಬೇಟೆ, ಮೀನುಗಾರಿಕೆಗಳಿಂದ ಬದುಕಿದವರನ್ನು ಬೇಸಾಯಕ್ಕೆ ತಿರುಗಿಸಿ ತಮ್ಮಂತಾಗಿಸಲು 1899ರಲ್ಲಿ 'ಸಂರಕ್ಷಣೆ'ಯ ಹೆಸರಿನ ಕಾಯಿದೆ ಬಂದಿತು; ಅದು ರದ್ದಾಗಲು 1997ರವರೆಗೆ ಕಾಯಬೇಕಾಯಿತು. ಐನುಗಳು ಮೂಲನಿವಾಸಿಗಳೆಂಬ ಮಾತನ್ನು ಜಪಾನಿನ ಕಾನೂನು ಬರೆದುಕೊಂಡದ್ದು 2019ರಲ್ಲಿ. ಆ ಕಾನೂನಿನಲ್ಲೂ ಭೂಮಿಯ ಹಕ್ಕಿನ ಪ್ರಸ್ತಾಪವಿಲ್ಲ.