ಮುರಿದ ಫಲಕ ಕಲಿಸಿದ ಪಾಠ

ಮುರಿದ ವಸ್ತುವನ್ನು ಕಂಡೊಡನೆ ಅಂಟನ್ನು ಹುಡುಕುವುದು ನಮ್ಮ ವಾಡಿಕೆ. ಅದು ಯಾವ ದ್ರವ್ಯದಿಂದಾದುದು ಎಂದು ಮೊದಲು ಕೇಳಬೇಕೆಂಬುದನ್ನು ಮರೆಯುತ್ತೇವೆ. ಭೌತವಿಜ್ಞಾನವನ್ನು ಬೋಧಿಸುವ ನಾನೂ ಮರೆತಿದ್ದೆನೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ನನ್ನ ಹಳೆಯ ಕಾರಿನ ಬಾಗಿಲಿಗೆ ಒಳಗಡೆ ಹೊದಿಸಿದ ಪ್ಲಾಸ್ಟಿಕ್ ಫಲಕವು ಅಂಚಿನಲ್ಲಿ ಸೀಳಿತು. ಅಂಗಡಿಯಲ್ಲಿ ದೊರೆತ ಬಲವಾದ ಅಂಟನ್ನು ಮೂರು ಬಾರಿ ಹಚ್ಚಿದೆ. ಮೂರು ಬಾರಿಯೂ ಅದು ಒಣಸಿಪ್ಪೆಯಂತೆ ಕಳಚಿ ಬಂದಿತು. ಕೊನೆಗೆ ಫಲಕವನ್ನು ಬಿಚ್ಚಿ ಹಿಮ್ಮೈಯನ್ನು ನೋಡಿದರೆ, ಅಲ್ಲಿ 'ಪಿ.ಪಿ.' ಎಂಬ ಅಕ್ಷರಗಳು ಉಬ್ಬಾಗಿ ಮೂಡಿದ್ದವು. ಎಂದರೆ ಪಾಲಿಪ್ರೊಪಿಲೀನ್. ಉತ್ತರವು ಮೊದಲಿನಿಂದಲೂ ಅಲ್ಲಿಯೇ ಇದ್ದಿತು!

ಅಂಟು ಹಿಡಿಯಬೇಕಾದರೆ ಅದು ಮೊದಲು ಮೇಲ್ಮೈಯನ್ನು ತೋಯಿಸಿ ಹರಡಿಕೊಳ್ಳಬೇಕು. ಪಾಲಿಪ್ರೊಪಿಲೀನಿನ ಮೇಲ್ಮೈ ಶಕ್ತಿ ಬಹಳ ಕಡಮೆ. ಮೇಣ ಸವರಿದ ಹಲಗೆಯ ಮೇಲೆ ನೀರು ಹರಡದೆ ಹನಿಯಾಗಿ ನಿಲ್ಲುವುದಷ್ಟೆ? ಸಾಧಾರಣ ಅಂಟಿಗೂ ಇಲ್ಲಿ ಅದೇ ಗತಿ. ಲೋಮನಾಳದ ಪ್ರಯೋಗದಲ್ಲಿ ವರ್ಷವರ್ಷವೂ ಮೇಲ್ಮೈ ಕರ್ಷಣವನ್ನು ಅಳೆಯಿಸುವ ಅಧ್ಯಾಪಕನಿಗೆ ಇದು ಹೊಳೆಯಲಿಲ್ಲ!

ಆದರೆ ಈ ಪ್ಲಾಸ್ಟಿಕ್ ಸುಮಾರು 160 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಆದುದರಿಂದ ಅದೇ ಜಾತಿಯ ತುಂಡೊಂದನ್ನು ಸಾಲ್ಡರಿಂಗ್ ಐರನ್ನಿನಿಂದ ಕರಗಿಸಿ, ಸೀಳಿನ ಎರಡು ಅಂಚುಗಳೊಡನೆ ಬೆರೆಸಿ ಬೆಸೆಯಬಹುದು. ಅದಕ್ಕೆ ಮುನ್ನ ಸೀಳಿನ ತುದಿಯಲ್ಲಿ ಚಿಕ್ಕದೊಂದು ದುಂಡನೆಯ ರಂಧ್ರವನ್ನು ಕೊರೆಯಬೇಕು. ಚೂಪಾದ ತುದಿಯಲ್ಲಿ ಬಲವು ಕೇಂದ್ರೀಕೃತವಾಗಿ ಸೀಳು ಮುಂದುವರಿಯುತ್ತದೆ. ತುದಿಯನ್ನು ದುಂಡಾಗಿಸಿದರೆ ಬಲವು ಹಂಚಿಹೋಗುತ್ತದೆ. ಇದರ ಗಣಿತವನ್ನು ಇಂಗ್ಲಿಸ್ ಎಂಬ ಎಂಜಿನಿಯರು 1913ರಲ್ಲಿಯೇ ತೋರಿಸಿದನು.

ಹಿಮ್ಮೈಯಲ್ಲಿ 'ಎ.ಬಿ.ಎಸ್.' ಎಂದಿದ್ದರೆ ದಾರಿಯೇ ಬೇರೆ. ಆ ಪ್ಲಾಸ್ಟಿಕ್ ಅಸಿಟೋನಿನಲ್ಲಿ ಕರಗುತ್ತದೆ. ಅದರ ಚೂರುಗಳನ್ನು ಅಸಿಟೋನಿನಲ್ಲಿ ನೆನೆಯಿಸಿದ ಸರಿಯನ್ನು ಸೀಳಿಗೆ ತುಂಬಿದರೆ, ದ್ರವವು ಆರಿದ ಮೇಲೆ ಎರಡೂ ಕಡೆಯ ಅಣುಸರಪಳಿಗಳು ಹೆಣೆದುಕೊಂಡು ಒಂದಾಗುತ್ತವೆ. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುವ ದ್ರವ. ಕೆಲಸವನ್ನು ಬೆಂಕಿಯಿಂದ ದೂರದಲ್ಲಿ, ಗಾಳಿಯಾಡುವ ಕಡೆ ಮಾಡತಕ್ಕದ್ದು.

ಎಲ್ಲವನ್ನೂ ದುರಸ್ತಿ ಮಾಡಬೇಕೆಂಬುದು ನನ್ನ ವಾದವಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಸರಪಳಿಗಳೇ ತುಂಡಾಗಿ ಪುಡಿಯಾಗುತ್ತಿರುವ ಫಲಕಕ್ಕೆ ಬೆಸುಗೆ ನಿಲ್ಲದು. ಗಾಳಿಚೀಲವನ್ನು ಮುಚ್ಚಿರುವ ಫಲಕವನ್ನಂತೂ ಮುಟ್ಟಲೇಬಾರದು. ಅಪಘಾತದ ಕ್ಷಣದಲ್ಲಿ ಅದು ಗೊತ್ತಾದ ರೀತಿಯಲ್ಲಿಯೇ ತೆರೆಯಬೇಕು.

ವಿದ್ಯಾರ್ಥಿಮಿತ್ರರೆ, ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರ ನೆನಪಾಗುವ ನಿಯಮವನ್ನು ನಾವು ಕಲಿತಂತಾಗಲಿಲ್ಲ. ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಹೊಳೆಯುವ ಉಪಕರಣಗಳ ಪಕ್ಕದಲ್ಲಿ ಇಂತಹ ಮುರಿದ ತುಂಡುಗಳಿಗೂ ಸ್ಥಳವಿರಬೇಕು. ನನ್ನ ಕಾರಿನ ಫಲಕದ ಬೆಸುಗೆ ನೋಟಕ್ಕೆ ಅಂದವಾಗಿಲ್ಲ. ಆದರೆ ಬಾಗಿಲನ್ನು ಎಷ್ಟು ಬಾರಿ ಬಡಿದರೂ ಅದು ಬಿಟ್ಟಿಲ್ಲ.